ಎರಡು ಗಂಟೆಯ ಚಪ್ಪಲಿ

ಪುಟ್ಟಿ ನಮ್ಮ ಮನೆಗೆ ಬಂದ ಮೊದಲ ಮಧ್ಯಾಹ್ನ, ಸರಿಯಾಗಿ ಎರಡು ಗಂಟೆಗೆ ಬಟ್ಟೆ ಗಿರಣಿಯ ಸೈರನ್ ಕೂಗಿತು. ಅವಳು ತಟ್ಟೆ ಬಿಟ್ಟು ಎದ್ದು, ಬಾಗಿಲ ಬಳಿಯಿದ್ದ ನನ್ನ ಚಪ್ಪಲಿಗಳನ್ನು ಒಂದೊಂದಾಗಿ ತಂದು ನಾನು ಕೂತಿದ್ದ ಹೊಲಿಗೆ ಮೆಷಿನ್ನಿನ ಪಕ್ಕ ಜೋಡಿಸಿದಳು. "ಟಾಟಾ ಅಮ್ಮ," ಎಂದಳು. ಆಮೇಲೆ ಹೊಸ್ತಿಲ ಮೇಲೆ ಕೂತು ಬೀದಿ ನೋಡತೊಡಗಿದಳು.

ನನ್ನ ಮನೆಯಿಂದ ನನ್ನನ್ನೇ ಇಷ್ಟು ಮರ್ಯಾದೆಯಾಗಿ ಹೊರಗೆ ಕಳಿಸಲು ಹೊರಟವರು ಅವಳೇ ಮೊದಲು. ಹದಿನಾಲ್ಕು ವರ್ಷದಿಂದ ಜೊತೆಗಿರುವ ನನ್ನ ಅತ್ತೆಗೂ ಅದು ಕೈಗೂಡಿರಲಿಲ್ಲ.

ದತ್ತು ತೆಗೆದುಕೊಳ್ಳಲೆಂದು ನಾವು ಕರೆತಂದ ಪುಟ್ಟಿಗೆ ಮೂರು ವರ್ಷ. ಹುಟ್ಟಿದ ಹತ್ತನೇ ದಿನದಿಂದ ಊರಿನ ಆ ತುದಿಯ ಶಿಶುಗೃಹದಲ್ಲಿ ಬೆಳೆದವಳು. ಗಿರಣಿಯ ಸೈರನ್ ಅಲ್ಲಿಗೂ ಕೇಳಿಸುತ್ತದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರೆಲ್ಲರೂ ಅಮ್ಮಂದಿರೇ. ಬೆಳಗಿನ ಅಮ್ಮನ ಪಾಳಿ ಎರಡಕ್ಕೆ ಮುಗಿಯುತ್ತದೆ, ಇನ್ನೊಬ್ಬ ಅಮ್ಮ ಬರುತ್ತಾಳೆ. ಯಾವ ಮಗುವೂ ಯಾರಿಗೂ ಅಂಟಿಕೊಳ್ಳದಿರಲಿ ಎಂದು ತಿಂಗಳಿಗೊಮ್ಮೆ ಅವರ ಕೋಣೆಗಳನ್ನೂ ಬದಲಾಯಿಸುತ್ತಾರೆ. ಹೊರಡುವ ಅಮ್ಮನಿಗೆ ಚಪ್ಪಲಿ ತಂದುಕೊಡುವ ಮಗುವನ್ನು ಜಾಣೆ ಎನ್ನುತ್ತಾರಂತೆ. ಪುಟ್ಟಿ ತುಂಬಾ ಜಾಣೆ.

ನನ್ನ ಗಂಡ ಬಸ್ ಡ್ರೈವರ್. ವಿಷಯ ಕೇಳಿ, "ನಮ್ಮ ಡಿಪೋದಲ್ಲೂ ಇಷ್ಟು ಶಿಸ್ತಿಲ್ಲ ಕಣೆ," ಎಂದರು.

ಅವಳು ಅಳುತ್ತಿರಲಿಲ್ಲ. ಒಂದು ದಿನ ಮೆಟ್ಟಿಲಿಂದ ಬಿದ್ದು ಮೊಣಕಾಲು ತರಚಿಹೋಯಿತು. ಸದ್ದಿಲ್ಲದೆ ಎದ್ದು ಕೂತು ಲಂಗದ ಅಂಚಿನಿಂದ ರಕ್ತ ಒರೆಸಿಕೊಂಡಳು. "ಎಂಥಾ ಗಟ್ಟಿ ಮಗು!" ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಸಿಲಿಂಡರ್ ತಂದವನತ್ತ ಅವಳು ಎರಡೂ ಕೈ ಚಾಚಿದಳು. ಅವನು ಎತ್ತಿಕೊಂಡು, "ಕರ್ಕೊಂಡ್ ಹೋಗ್ಲಾ?" ಎಂದು ತಮಾಷೆ ಮಾಡಿದರೆ, ಅವನ ಹೆಗಲಿಗೆ ತಲೆ ಆನಿಸಿ ನನಗೆ ಟಾಟಾ ಮಾಡಿದಳು. ಅವನು ನಕ್ಕ, ಅತ್ತೆಯೂ ನಕ್ಕರು. ನಾನು ಅವಳನ್ನು ಅವನ ಹೆಗಲಿಂದ ಬಿಡಿಸಿ ಎತ್ತಿಕೊಂಡೆ.

ಶಿಶುಗೃಹದ ಪರವಾಗಿ ನಮ್ಮನ್ನು ನೋಡಲು ಬರುತ್ತಿದ್ದವರು ಒಬ್ಬ ಮೇಡಂ. ಆರು ತಿಂಗಳಾದ ಮೇಲೆ ಅವರು ಒಂದು ವರದಿ ಬರೆಯುತ್ತಾರೆ. ಮಗು ನಮಗೆ ಹೊಂದಿಕೊಂಡಿದೆ ಎಂದು ಬರೆದರೆ ಅವಳು ನಮ್ಮವಳು. ಇಲ್ಲದಿದ್ದರೆ ಬೇರೆ ಮನೆ. "ಊಟ, ಸ್ನಾನ, ಮಲಗಿಸೋದು ಎಲ್ಲಾ ನೀವೊಬ್ರೇ ಮಾಡಿ," ಎಂದು ಮೊದಲ ದಿನವೇ ನನಗೆ ಹೇಳಿದ್ದರು. ಅತ್ತೆ ಅದಕ್ಕೆ ವಾರವಿಡೀ ಮುಖ ಊದಿಸಿಕೊಂಡಿದ್ದರು.

ಎರಡನೇ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ದಿನಾ ಚಪ್ಪಲಿ ನೋಡಿ ನೋಡಿ ರೋಸಿಹೋಗಿ, ಒಂದು ದಿನ ಅವನ್ನು ಮೆಟ್ಟಿಕೊಂಡು ಹೊರಟೇಬಿಟ್ಟೆ. ಹುಡುಕಲಿ, ಆಗಲಾದರೂ ಬುದ್ಧಿ ಬರುತ್ತದೆ ಎಂಬ ಜಂಬ. ಬೀದಿ ಮೂಲೆಯಲ್ಲಿ ಹತ್ತು ನಿಮಿಷ ನಿಂತು ವಾಪಸು ಬಂದೆ. ಪುಟ್ಟಿ ನಗುತ್ತಾ ನನ್ನ ಬೆರಳು ಹಿಡಿದು ಒಳಗೆ ಕರೆದುಕೊಂಡು ಹೋದಳು. "ಹಾಲು ಇಲ್ಲಿ. ಚಾಪೆ ಇಲ್ಲಿ. ಬಚ್ಚಲು ಅಲ್ಲಿ," ಎಂದು ಎಲ್ಲ ತೋರಿಸಿಕೊಟ್ಟಳು. ಹೊಸ ಪಾಳಿಗೆ ಬಂದ ಅಮ್ಮನಿಗೆ ಅಷ್ಟನ್ನು ಹೇಳಿಕೊಡಬೇಕಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತುಬಿಟ್ಟೆ.

ಮರುದಿನದಿಂದ ಅವಳು ತಂದಿಟ್ಟ ಚಪ್ಪಲಿಗಳನ್ನು ನಾನೇ ವಾಪಸು ಬಾಗಿಲ ಬಳಿ ಇಡತೊಡಗಿದೆ. "ಈ ಅಮ್ಮಂದು ಓವರ್‌ಟೈಮ್," ಎನ್ನುತ್ತಿದ್ದೆ. ಅವಳು ತರುವುದು, ನಾನು ಇಡುವುದು. ನಾಲ್ಕು ತಿಂಗಳು ಹೀಗೇ ನಡೆಯಿತು. ಇಬ್ಬರಲ್ಲಿ ಒಬ್ಬರೂ ರಜೆ ಹಾಕಲಿಲ್ಲ.

ಕೊನೆಯ ಭೇಟಿಗೆ ಮೇಡಂ ಬಂದಾಗ ಒಂದೂವರೆಯಾಗಿತ್ತು. ಪುಟ್ಟಿ ನೇರವಾಗಿ ಹೋಗಿ ಅವರ ತೊಡೆ ಏರಿದಳು. ಅವರು ಏನೋ ಬರೆದುಕೊಂಡರು.

"ಬಿದ್ರೆ, ನೋವಾದ್ರೆ ನಿಮ್ಮ ಹತ್ರ ಬಂದು ಅಳ್ತಾಳಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. "ಅಳೋದಾ? ಆರ್ ತಿಂಗಳಲ್ಲಿ ಒಂದ್ ದಿನ ಅತ್ತಿಲ್ಲ ಮೇಡಂ. ಬಂಗಾರದಂಥ ಮಗು!"

ಮೇಡಂ ಪೆನ್ನು ನಿಲ್ಲಿಸಿದರು. ಅತ್ತೆಯ ಬಾಯಿಗೆ ನಾನು ಹೊಲಿಯುತ್ತಿದ್ದ ರವಿಕೆಯನ್ನು ತುರುಕಬೇಕೆನಿಸಿತು.

"ನೋಡಮ್ಮ, ನಮ್ಮಮ್ಮ ಅನ್ನಿಸಿದವರ ಹತ್ರ ಮಗು ಅಳುತ್ತೆ. ಸುಳ್ಳು ಬರೆಯೋಕಾಗಲ್ಲ," ಎಂದರು ಮೇಡಂ. "ಬೇರೆ ಮನೆ ನೋಡ್ಬೇಕಾಗುತ್ತೋ ಏನೋ."

ಅಷ್ಟರಲ್ಲಿ ಸೈರನ್ ಕೂಗಿತು. ಪುಟ್ಟಿ ತೊಡೆಯಿಂದಿಳಿದು ಬಾಗಿಲಿಗೆ ಹೋದಳು. ಇವತ್ತೊಂದು ದಿನ ಬೇಡ ಕಣೇ, ಎಂದು ಮನಸ್ಸಿನಲ್ಲೇ ಕೈಮುಗಿದೆ. ಅವಳು ತಂದದ್ದು ಮೇಡಂ ಚಪ್ಪಲಿಗಳನ್ನು. ಅವರ ಕಾಲ ಬಳಿ ಜೋಡಿಸಿ, "ಟಾಟಾ," ಎಂದಳು. ಮೇಡಂ ನಗಲಿಲ್ಲ. ಕಾಗದ ಚೀಲಕ್ಕೆ ಹಾಕಿಕೊಂಡು ಹೊರಟರು.

ಅವರ ಹಿಂದೆ ಹೋಗಿ ಇನ್ನೊಮ್ಮೆ ಕೇಳಿಕೊಳ್ಳೋಣವೆಂದು ಬಾಗಿಲಿಗೆ ಬಂದರೆ ನನ್ನ ಚಪ್ಪಲಿಗಳಿಲ್ಲ. ಮಂಚದ ಕೆಳಗೆ, ಬಕೆಟ್ಟಿನ ಹಿಂದೆ, ಎಲ್ಲೂ ಇಲ್ಲ. "ನಾಯಿ ಎತ್ಕೊಂಡು ಹೋಯ್ತೇನೋ," ಎಂದರು ಅತ್ತೆ. ಪುಟ್ಟಿ ಮಾತ್ರ ಹೊಲಿಗೆ ಮೆಷಿನ್ನಿನ ಕೆಳಗಿದ್ದ ಚಿಂದಿಬಟ್ಟೆಯ ಚೀಲದ ಮೇಲೆ ಅಲ್ಲಾಡದೆ ಕೂತಿದ್ದಳು. ಅವಳನ್ನು ಪಕ್ಕಕ್ಕೆ ಸರಿಸಿ ಚೀಲಕ್ಕೆ ಕೈ ಹಾಕಿದೆ. ಎರಡೂ ತಳದಲ್ಲಿದ್ದವು.

ಅವನ್ನು ಹೊರಗೆಳೆದದ್ದೇ ತಡ, ಪುಟ್ಟಿ ಬಾಯಿ ತೆರೆದಳು. ಮೊದಲು ಸದ್ದೇ ಬರಲಿಲ್ಲ. ಆಮೇಲೆ ಬಂತು ನೋಡಿ, ಗಿರಣಿಯ ಸೈರನ್ನೇ ನಾಚಬೇಕು. "ಬೇಡ! ಹೋಗ್ಬೇಡ!" ಎಂದು ನನ್ನ ಕಾಲು ತಬ್ಬಿಕೊಂಡು ಅರಚಿದಳು.

ಚಪ್ಪಲಿಗಳನ್ನು ಚೀಲದೊಳಕ್ಕೇ ಎಸೆದೆ. ಅವಳನ್ನು ಸೊಂಟಕ್ಕೇರಿಸಿಕೊಂಡು ಬರಿಗಾಲಲ್ಲಿ ಬೀದಿಗೆ ಓಡಿದೆ.

"ಮೇಡಂ, ನಿಲ್ಲಿ! ಅಳ್ತಿದ್ದಾಳೆ! ಬರ್ಕೊಳ್ಳಿ!"

ಮೇಡಂ ತಿರುಗಿ ಬಂದು ಎತ್ತಿಕೊಳ್ಳಲು ಕೈ ಚಾಚಿದರು. ಪುಟ್ಟಿ ಆ ಕೈಯನ್ನು ತಳ್ಳಿ, ನನ್ನ ಕೊರಳಿಗೆ ಮುಖ ಒತ್ತಿ, ಇನ್ನೂ ಜೋರಾಗಿ ಅತ್ತಳು. ಮೇಡಂ ಅಲ್ಲೇ ನಿಂತು ಪೆನ್ನಿನ ಮುಚ್ಚಳ ತೆಗೆದರು. ರಸ್ತೆ ಕಾದ ಕಾವಲಿಯಂತಿತ್ತು. ಅವರು ಬರೆದು ಮುಗಿಸುವವರೆಗೆ ನಾನು ಕಾಲು ಬದಲಿಸುತ್ತಾ ನಿಂತಿದ್ದೆ.