ಅಮ್ಮ ಕಿತ್ತಿಟ್ಟ ಕಾಯಿ

ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಸೋಲಿಸುವ ಆಟ ಕಂಡರೆ ಧನ್ಯಶ್ರೀಗೆ ಮೈಯುರಿಯುತ್ತಿತ್ತು. ಆಡುವುದಕ್ಕೂ ಯಾರನ್ನಾದರೂ ಮಣ್ಣುಮುಕ್ಕಿಸಲೇಬೇಕೆ? ಅವಳೂ ಅಮ್ಮನೂ ಆಡುತ್ತಿದ್ದದ್ದು ತೋಟದ ಆಟ. ಅದರಲ್ಲಿ ಕಿತ್ತ ತೆಂಗಿನಕಾಯಿಯನ್ನು ಅಮ್ಮ ಮಾರಗೊಡುತ್ತಿರಲಿಲ್ಲ. ಮನೆಯ ಅಟ್ಟದ ಮೇಲಿನಂತೆ ಅಲ್ಲೂ ವರ್ಷವಿಡೀ ಒಣಗಿ ಕೊಬ್ಬರಿಯಾಗಬೇಕಲ್ಲ. ಆಗಾಗ ಮೊಬೈಲನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, “ಇನ್ನೂ ನೀರೈತೆ ಕಣೇ, ಇರ್ಲಿ ಬುಡು” ಎನ್ನುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ಧನ್ಯಶ್ರೀ ಆ ಕಾಯಿಗಳನ್ನು ಮುಟ್ಟಿರಲಿಲ್ಲ. ಮೂರು ಹೊತ್ತೂ ಶೂಟಿಂಗ್ ಆಟದಲ್ಲೇ ಮುಳುಗಿರುವ ತಮ್ಮ ರವೀಂದ್ರ, ಅಕ್ಕನ ಮುಖದಲ್ಲಿ ನಗು ಕಾಣಲೆಂದು ಒಂದು ಮಧ್ಯಾಹ್ನ ಅವಳ ಮೊಬೈಲು ತೆಗೆದುಕೊಂಡ.

“ನೋಡಕ್ಕ, ಕಾಯೆಲ್ಲ ಮಾರ್ಬುಟ್ಟೆ. ಆಟದ ಪಟ್ಟೀಲಿ ಎಲ್ರನ್ನೂ ಹಿಂದಾಕಿ ನೀನೇ ಫಸ್ಟ್ ಬಂದೆ.”

ಅವಳು ತಮ್ಮನ ಕೈಯಿಂದ ಮೊಬೈಲು ತೆಗೆದುಕೊಂಡಳು. ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು.