ಹೊಟ್ಟೆಯಲ್ಲಿದ್ದಾಗಿನ ಬಿಸಿಲು

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದವಳು ನಾನು. ನಮ್ಮ ಕೊಟ್ಟಿಗೆಯ ಎರಡು ಹಸುಗಳು ನನ್ನ ಬಾಯಿ ಮುಚ್ಚಿಸಿದವು.

ದೊಡ್ಡವಳು, ಚಿಕ್ಕವಳು. ಇಬ್ಬರಿಗೂ ಒಂದೇ ತಾಯಿ, ಒಂದೇ ಹೋರಿ. ಮೊದಲ ಸೂಲಿನಲ್ಲಿ ದೊಡ್ಡವಳು ದಿನಕ್ಕೆ ಹದಿನಾಲ್ಕು ಲೀಟರ್ ಕೊಟ್ಟರೆ ಚಿಕ್ಕವಳು ಹತ್ತು ದಾಟಲಿಲ್ಲ. ಮೇವು ಅದೇ, ಕರೆಯುವ ಕೈಯೂ ಅದೇ, ನನ್ನ ಸೊಸೆಯದು. ಈಗ ಚಿಕ್ಕವಳಿಗೆ ಎಂಟು ತಿಂಗಳ ಗಬ್ಬ. ಭಾನುವಾರ ಮಾರಿಬಿಡುವುದೆಂದು ನಾನು ತೀರ್ಮಾನಿಸಿದ್ದೆ. ಆ ಹಸುವಿನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ ಸೊಸೆ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು.

ಮಾರುವ ಮುಂಚೆ ತಪಾಸಣೆಗೆಂದು ಬಂದ ದನದ ಡಾಕ್ಟರಮ್ಮನನ್ನು ಕೇಳದೆ ಇರಲಾಗಲಿಲ್ಲ.

"ನೂಲಿನಂತೆ ಸೀರೆ ಅಂತಾರಲ್ಲ, ಮತ್ತೆ ಇವಳೊಬ್ಬಳು ಯಾಕೆ ಹೀಗೆ?"

"ಅಕ್ಕತಂಗಿ ಅಂದ್ರೂ ಅಪ್ಪ ಅಮ್ಮನಿಂದ ಬರೋ ಪಾಲು ಒಂದೇ ಥರ ಇರಲ್ಲಮ್ಮ. ಅದೂ ಇರಬಹುದು," ಎಂದರು ಆಕೆ ಕೆಚ್ಚಲು ಮುಟ್ಟಿ ನೋಡುತ್ತ. "ಇವಳು ಹುಟ್ಟಿದ್ದು ಯಾವಾಗ?"

"ಬೇಸಿಗೆ ಮುಗಿಯೋ ಹೊತ್ತಿಗೆ. ತಗಡು ಹಾಕಿಸಿದ ವರ್ಷ," ಎಂದಳು ಸೊಸೆ.

ನಾನು ಮೇಲೆ ನೋಡಿದೆ. ದೊಡ್ಡವಳು ಹುಲ್ಲಿನ ಸೂರಿನ ಕಾಲದವಳು. ಆ ಸೂರು ಕೀಳಿಸಿ, ಮಗ ಬೇಡವೆಂದರೂ ಕೇಳದೆ ತಗಡು ಹೊದಿಸಿದವಳು ನಾನೇ.

"ಕೊನೇ ಎರಡು ತಿಂಗಳು ತಾಯಿ ಸೆಖೇಲಿ ಬೆಂದ್ರೆ ಒಳಗಿರೋ ಕರುವಿನ ಕೆಚ್ಚಲು ಸರಿಯಾಗಿ ಬೆಳೆಯಲ್ಲ," ಎಂದರು ಡಾಕ್ಟರಮ್ಮ. "ನೂಲು ಅದೇ ಇರುತ್ತೆ, ನೇಯ್ಗೆ ಬದಲಾಗುತ್ತೆ. ಒಂದೊಂದು ಸಲ ಆ ಗುರುತು ಮೊಮ್ಮಗಳವರೆಗೂ ಹೋಗುತ್ತೆ."

"ಹಾಗಾದ್ರೆ ಈಗ ಇವಳ ಹೊಟ್ಟೇಲಿರೋದಕ್ಕೆ?"

"ಇನ್ನೂ ಒಂದು ತಿಂಗಳಿದೆಯಲ್ಲ. ನೆರಳು, ಗಾಳಿ, ಬೇಕಾದಷ್ಟು ನೀರು ಕೊಡಿ."

ತಗಡಿನ ಕೆಳಗೆ ಚಿಕ್ಕವಳು ನಾಲಗೆ ಚಾಚಿ ಏದುಸಿರು ಬಿಡುತ್ತಿದ್ದಳು. ದಿನಾ ಕಂಡಿದ್ದೆ, ಸೋಮಾರಿ ಎಂದು ದಿನಾ ಬೈದಿದ್ದೆ. ನನಗೆ ನಾಚಿಕೆಯಾಯಿತು.

ಮಗನ ಕಾರನ್ನು ಮರದ ಕೆಳಗಿಂದ ತೆಗೆಸಿ, ಹಗ್ಗ ಬಿಚ್ಚಿ ನಾನೇ ಅವಳನ್ನು ಅಲ್ಲಿ ಕಟ್ಟಿದೆ.

"ಅಮ್ಮಾ, ನನ್ನ ಕಾರು ಬಿಸಿಲಲ್ಲಿ ನಿಲ್ಬೇಕಾ?"

"ನಿನ್ನ ಕಾರೇನು ಗಬ್ಬವಾಗಿದೆಯೇನೋ?"

ನೀರಿನ ಬಕೆಟ್ ಹಿಡಿದು ಬಂದ ಸೊಸೆ ಕಿಸಕ್ಕನೆ ನಕ್ಕಳು. ಭಾನುವಾರ ಬರಬೇಡವೆಂದು ಕೊಳ್ಳುವವನಿಗೆ ಆಗಲೇ ಫೋನ್ ಮಾಡಿದೆ. ತಪ್ಪು ಹಸುವಿನದಲ್ಲ, ನನ್ನದು ಎಂದು ಸೊಸೆಗೆ ಹೇಳಲು ಮಾತ್ರ ಇನ್ನೂ ಮೂರು ದಿನ ಹಿಡಿಯಿತು.