ಪಾಸ್ಟರರ ಕನ್ನಡಕ

"ಅಕ್ಕ, ಶಟರ್ ಸ್ವಲ್ಪ ಇಳಿಸ್ತೀರಾ?" ಎಂದರು ಪಾಸ್ಟರ್, ಕುರ್ಚಿಯಲ್ಲಿ ಕೂರುವ ಮೊದಲೇ.

ಕನ್ನಡಕದಂಗಡಿಯ ಅಕ್ಕ ಶಟರನ್ನು ಅರ್ಧಕ್ಕೆ ಎಳೆದಳು. ಗೋಡೆಗೆ ತೂಗುಹಾಕಿದ ಅಕ್ಷರದ ಹಲಗೆಯಲ್ಲಿ ಅವರಿಗೆ ಮೇಲಿನ ದಪ್ಪಕ್ಷರ ಬಿಟ್ಟು ಬೇರೇನೂ ಕಾಣಲಿಲ್ಲ.

"ವೇದಿಕೆ ಮೇಲೆ ನಿಂತ್ರೆ ಜನರ ಮುಖ ಕಾಣುತ್ತಾ ಅಯ್ಯನೋರೇ?"

"ಮುಂದಿನ ಸಾಲು ಕಾಣುತ್ತೆ. ದೊಡ್ಡ ಕಾಣಿಕೆ ಹಾಕೋರು ಅಲ್ಲೇ ತಾನೆ ಕೂರೋದು!" ತಮ್ಮ ಚಟಾಕಿಗೆ ತಾವೇ ನಕ್ಕರು. "ಇದು ಕಾರು ಓಡಿಸೋಕೆ ಮಾತ್ರ. ಯಾರಿಗೂ ಹೇಳ್ಬೇಡಿ, ಜನ ತಪ್ಪು ತಿಳ್ಕೋತಾರೆ."

"ರೆಡಿ ಆದಾಗ ನಾನೇ ತಂದು ಕೊಡ್ತೀನಿ ಬಿಡಿ."

ಅವಳು ತಮ್ಮಲ್ಲಿಗೆ ಪ್ರಾರ್ಥನೆಗೆ ಬರುವ ಬಡಗಿಯೊಬ್ಬನ ಅಕ್ಕ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವಳು ಅವರ ಸಭೆಗೆ ಕಾಲಿಟ್ಟವಳೇ ಅಲ್ಲ.

ಈ ಪಾಸ್ಟರರ ಅಪ್ಪನೂ ಪಾಸ್ಟರೇ. ಕಾಯಿಲೆ ಬಿದ್ದವರ ಮನೆಗೆ ಗಂಜಿ ಹೊತ್ತುಕೊಂಡು ಹೋಗುತ್ತಿದ್ದ ಮನುಷ್ಯ. ಮಗ ಕಡಲಾಚೆಯ ದೇಶಕ್ಕೆ ಹೋಗಿ ಬೇರೆ ಪಾಠ ಕಲಿತು ಬಂದ. ಅಂದುಕೊಂಡರೆ ಸಾಕು, ಸಾಹುಕಾರನಾಗುತ್ತೀಯೆ ಎಂದು ಅಲ್ಲಿ ವ್ಯಾಪಾರಿಗಳಿಗೆ ಹೇಳಿಕೊಡುತ್ತಿದ್ದ ಪಾಠಕ್ಕೆ ಯಾರೋ ಬೈಬಲ್ಲಿನ ಅಂಗಿ ತೊಡಿಸಿದ್ದರಂತೆ. ಬಡತನ, ಕಾಯಿಲೆ ಎರಡೂ ಅಪನಂಬಿಕೆಯ ಮಕ್ಕಳು ಎನ್ನುವುದು ಅದರ ಸಾರ. ಅದನ್ನು ಕೇಳಿ ಜನ ಮಾತ್ರೆ, ಊರುಗೋಲು, ಕನ್ನಡಕಗಳನ್ನು ವೇದಿಕೆಯ ಬುಡದಲ್ಲಿ ಬಿಟ್ಟು ಬರುತ್ತಿದ್ದರು. ಅವಳ ತಮ್ಮನೂ ಕನ್ನಡಕ ಬಿಟ್ಟು ಬಂದ. ಮಾರನೆಯ ದಿನ ಗರಗಸದ ಯಂತ್ರ ಅವನ ಬೆರಳುಗಳನ್ನು ಕತ್ತರಿಸಿ ಹಾಕಿತು.

"ಬಾಯಲ್ಲಿ ನಂಬಿದ, ಮನಸ್ಸಲ್ಲಿ ನಂಬಲಿಲ್ಲ," ಎಂದುಬಿಟ್ಟರು ಪಾಸ್ಟರ್, ತುಂಬಿದ ಸಭೆಯಲ್ಲಿ.

ಬೆರಳು ಹೋದದ್ದಕ್ಕಿಂತ ಆ ಮಾತು ತಮ್ಮನನ್ನು ಹೆಚ್ಚು ತಿಂದಿತು. "ತಪ್ಪು ನಂದೇ ಅಕ್ಕ. ನನ್ನೊಳಗೇ ಎಲ್ಲೋ ಹುಳುಕಿತ್ತು," ಎನ್ನುತ್ತ ಈಗಲೂ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ. ತಾಳಿದವರು ಬಾಳಿಯಾರು ಎನ್ನುತ್ತಾರೆ. ಅವಳು ತಾಳಿದ್ದು ಬಾಳಲಿಕ್ಕಲ್ಲ, ಇಂಥದೊಂದು ಸಮಯಕ್ಕೆ.

ಭಾನುವಾರ ಹಾಡು ಮುಗಿದು ಪಾಸ್ಟರ್ ಮೈಕು ಹಿಡಿದಾಗ ಅವಳು ವೇದಿಕೆ ಹತ್ತಿದಳು. ತನಗಾದ ಪವಾಡದ ಸಾಕ್ಷಿ ಹೇಳಲು ಬಂದವಳೆಂದು ಜನ ಚಪ್ಪಾಳೆ ತಟ್ಟಿದರು. ಪಾಸ್ಟರರೂ ನಗುತ್ತ ಮೈಕು ಅವಳತ್ತ ಚಾಚಿದರು. ಎದುರು ಬರುವವರೆಗೂ ಅವಳು ಯಾರೆಂದು ಅವರಿಗೆ ತಿಳಿಯಲಿಲ್ಲ.

"ನಿಮ್ಮ ಕನ್ನಡಕ ರೆಡಿ ಅಯ್ಯನೋರೇ," ಎಂದಳು ಮೈಕಿಗೆ. "ಮೊನ್ನೆ ಅಂಗಡಿಗೆ ಬಂದು ಅಳತೆ ಕೊಟ್ರಲ್ಲ, ಅದೇ. ಹಾಕಿ ನೋಡ್ಬಿಡಿ."

ಅವರು ಹಿಂದೆ ಸರಿಯುವ ಮೊದಲೇ ಎರಡೂ ಕಡ್ಡಿಗಳನ್ನು ಕಿವಿಗೆ ಸಿಕ್ಕಿಸಿ, ಮೂಗಿನ ಮೇಲೆ ಹದವಾಗಿ ಕೂರಿಸಿದಳು. ಚಪ್ಪಾಳೆ ನಿಂತಿತ್ತು. ಮುಂದಿನ ಸಾಲಿನ ಅಜ್ಜಿಯೊಬ್ಬಳು, "ಅಯ್ಯೋ, ಇವರಿಗೂ ಕಾಣ್ಸಲ್ವಾ!" ಎಂದದ್ದು ಇಡೀ ಹಾಲಿಗೆ ಕೇಳಿಸಿತು.

"ಕಿವಿ ಹಿಂದೆ ಒತ್ತುತ್ತಾ? ದೂರದ್ದು ನೋಡಿ ಹೇಳಿ."

ಪಾಸ್ಟರ್ ಕನ್ನಡಕ ತೆಗೆಯಲೆಂದು ಕೈ ಎತ್ತಿದರು. ಕೈ ಅರ್ಧದಲ್ಲೇ ಉಳಿಯಿತು. ಕೊನೆಯ ಸಾಲಿನಲ್ಲಿ ಬಡಗಿ ಎದ್ದು ನಿಂತಿದ್ದ, ತಲೆ ಎತ್ತಿ, ಅವರನ್ನೇ ನೋಡುತ್ತ.